ಕಾನ್ಪುರದ ಗಲ್ಲಿಯಲ್ಲಿ ನಾನು ಹಾಕಿದ ಹೊಗೆ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಹುಟ್ಟಿದಾಗಿನಿಂದ ಮನೆಯಲ್ಲಿ ನೋಡಿಕೊಂಡು, ಮಾಡಿಕೊಂಡು ಬಂದ ಒಂದು ಕೆಲಸ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಅದನ್ನೇ ಬೇರೊಂದು ಊರಿನಲ್ಲಿ ಮಾಡಿದಿರಿ, ಒಂದು ಬೀದಿಗೆ ಬೀದಿಯೇ ಮೂಗುಬಾಯಿ ಮುಚ್ಚಿಕೊಂಡು ಓಡಿತು. ಆಗಿದೆಯಾ? ನನಗೆ ಆಗಿದೆ. ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೋದ ವಾರ ಹುಳಿಯಾರಿನ ಹತ್ತಿರ ನೆಂಟರ ಮನೆಗೆ ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಒಳಗಿನ ಕೋಣೆಯಲ್ಲಿ ಅಟ್ಟಕ್ಕೆ ಹೊಗೆ ಹಾಕಿದ್ದರು. ಆ ವಾಸನೆ ಎಲೆಯ ಮೇಲಿನ ಅನ್ನಕ್ಕೆ ಬಂತು ನೋಡಿ, ಕೈ ತುತ್ತನ್ನು ಬಿಟ್ಟುಬಿಟ್ಟಿತು. ಎದ್ದು ಅಂಗಳಕ್ಕೆ ಬಂದು ನಿಂತೆ.

ಆ ಮನೆಯ ಸೊಸೆ ಹಿಂದೆಯೇ ಬಂದಳು. "ಏನಕ್ಕ, ಹೊಗೆಗೆ ಎದ್ರೋ ತೆಂಗಿನ್ ತೋಟದೋರ್ನ ಇದೇ ಫಸ್ಟು ನೋಡಿದ್ದು ಕಣಕ್ಕ!" ಅಂತ ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ?

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಕೊಬ್ಬರಿಯನ್ನು ಬಿಸಿಲಿಗೆ ಒಡೆದುಹಾಕಿ ಒಣಗಿಸುವುದಿಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ತುಂಬುತ್ತೇವೆ. ಹತ್ತು, ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಒಡೆದರೆ ಉಂಡೆ ಕೊಬ್ಬರಿ. ಮಳೆಗಾಲದಲ್ಲಿ ಶೀತ ಹೊಡೆಯದಿರಲಿ, ಹುಳ ಬೀಳದಿರಲಿ ಅಂತ ಅಟ್ಟದ ಕೆಳಗೆ ಕಾಯಿಮಟ್ಟೆ ಕೂಡಿಸಿ, ಉರಿ ಏಳದ ಹಾಗೆ ಹೊಗೆ ಹಾಕಿ, ಬಾಗಿಲು ಮುಚ್ಚಿ ನಮ್ಮ ಕೆಲಸಕ್ಕೆ ಹೋಗುತ್ತೇವೆ. ನಮ್ಮಲ್ಲಿ ಮಕ್ಕಳು ಆ ಹೊಗೆಯ ಪಕ್ಕದಲ್ಲೇ ಮಲಗಿ ನಿದ್ದೆ ಮಾಡುತ್ತವೆ.

ಈ ಕೊಬ್ಬರಿಯಲ್ಲಿ ಮುಕ್ಕಾಲು ಪಾಲು ಉತ್ತರಕ್ಕೆ ಹೋಗುತ್ತದೆ. ನನ್ನ ಗಂಡ ಲೋಕೇಶ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ. ಆ ಮಂಡಿಯ ಸಾಹುಕಾರರಿಗೆ ಕಾನ್ಪುರದಲ್ಲಿ ಒಂದು ಗೋದಾಮಿತ್ತು. ಅಲ್ಲಿ ನೋಡಿಕೊಳ್ಳುತ್ತಿದ್ದವನು ಕಾಯಿಲೆ ಬಿದ್ದು ಊರಿಗೆ ಬಂದ. "ಒಂದ್ ಮಳೆಗಾಲ ಇದ್ದು ಬಾರಪ್ಪ, ದೀಪಾವಳಿ ಮಾಲು ಖಾಲಿಯಾಗೋ ಗಂಟ" ಅಂದರು ಸಾಹುಕಾರರು. ಮಗಳು ಹಾಸ್ಟೆಲ್ ಸೇರಿದ್ದಳು. ನಾನೂ ಜೊತೆಗೆ ಹೊರಟೆ. ತುಮಕೂರು ದಾಟಿ ಒಂದು ದಿನ ಇದ್ದು ಗೊತ್ತಿಲ್ಲದವಳು ನಾನು. ಗಂಗೆ ನೋಡುವ ಆಸೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಅತ್ತೆಯ ಕಣ್ಣಿನಿಂದ ನಾಲ್ಕು ತಿಂಗಳು ದೂರ ಇರುವ ಆಸೆ.

ಜೂನ್‌ನಲ್ಲಿ ಹೋದಾಗ ಗಂಗೆ ಎಲ್ಲಿತ್ತು? ಘಾಟಿನ ಮೆಟ್ಟಿಲು ಇಳಿದು ನಿಂತರೆ ಮರಳು, ಮರಳಿನ ಮೇಲೆ ಕರಬೂಜದ ಬಳ್ಳಿ, ಅದರಾಚೆ ಎಲ್ಲೋ ಒಂದು ಬೂದು ಗೆರೆ. "ಇಷ್ಟೇನ್ರೀ? ನಮ್ ಬೋರನಕಣಿವೆ ಕೆರೇನೇ ಇದಕ್ಕಿಂತ ವಾಸಿ" ಅಂದೆ ಗಂಡನಿಗೆ. ನಾವು ಬಾಡಿಗೆಗಿದ್ದ ಮನೆಯ ಯಜಮಾನಿ ಪಕ್ಕದಲ್ಲೇ ಇದ್ದಳು. ಭಾಷೆ ತಿಳಿಯದಿದ್ದರೂ ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ನಗು ಬೇಟಿ, ನಗು. ಶ್ರಾವಣದಲ್ಲಿ ಗಂಗೆಯೇ ಬಂದು ಬಾಗಿಲು ತಟ್ಟುತ್ತಾಳೆ" ಅಂದಳು.

ಆ ಯಜಮಾನಿಯನ್ನು ನಾವು ಚಾಚಿ ಅನ್ನುತ್ತಿದ್ದೆವು, ಅವಳ ಗಂಡನನ್ನು ಚಾಚಾ. ಮೂರಂತಸ್ತಿನ ಇಕ್ಕಟ್ಟಾದ ಮನೆ. ಕೆಳಗೆ ನಾವು, ನಡುವೆ ಚಾಚಿಯ ಅಡುಗೆಮನೆ, ಮೇಲಿನ ಕೋಣೆಯಲ್ಲಿ ಚಾಚಾ. ಬಟ್ಟೆ ಮಿಲ್ಲಿನಲ್ಲಿ ನೂಲು ತೆಗೆಯುವ ಖಾತೆಯಲ್ಲಿ ಆಯಸ್ಸು ಕಳೆದ ಮನುಷ್ಯ. ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಮೆಟ್ಟಿಲು ಇಳಿದರೆ ಹತ್ತಲು ಆಗುತ್ತಿರಲಿಲ್ಲ, ಹಾಗಾಗಿ ಇಳಿಯುತ್ತಲೇ ಇರಲಿಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ಕೂತು, ಒಂದೊಂದು ವಾಕ್ಯಕ್ಕೆ ಎರಡೆರಡು ಸಲ ಉಸಿರು ಎಳೆದುಕೊಂಡು ಊರಿನ ಕಥೆ ಹೇಳುತ್ತಿದ್ದರು. ನನ್ನ ಹಿಂದಿ ಟಿವಿ ನೋಡಿ ಕಲಿತದ್ದು. ಅವರು ಮಾತಾಡುವ ನಿಧಾನಕ್ಕೆ ಅದು ಸರಿಹೋಗುತ್ತಿತ್ತು.

ಬ್ರಿಟಿಷರ ಸೈನ್ಯಕ್ಕೆ ಕುದುರೆಯ ಜೀನು, ಬೂಟು, ಡೇರೆ ಹೊಲಿಯಲು ಎದ್ದ ಊರಂತೆ ಅದು. ಆಮೇಲೆ ಹತ್ತಿ, ಉಣ್ಣೆ, ಸೆಣಬು. ಸುತ್ತಲ ಹಳ್ಳಿಗಳಿಂದ ಜನ ಬಂದು ತುಂಬಿಕೊಂಡರಂತೆ. "ಆಗ ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ. ಮಿಲ್ಲಿನ ಸೈರನ್ ಕೂಗಿದರೆ ಏಳೋದು, ಕೂಗಿದರೆ ಉಣ್ಣೋದು. ಒಂದೊಂದು ಮಿಲ್ಲಿಗೆ ಒಂದೊಂದು ದನಿ. ಕಣ್ಣು ಮುಚ್ಚಿ ಹೇಳ್ತಿದ್ದೆ ಯಾವುದು ಅಂತ" ಅನ್ನುತ್ತಿದ್ದರು. ಒಂದೊಂದಾಗಿ ಮಿಲ್ಲುಗಳು ನಿಂತವು. ಗೇಟಿಗೆ ಬೀಗ ಬಿತ್ತು. ಇವರೆಲ್ಲ ಗೇಟಿನ ಮುಂದೆ ವರ್ಷಗಟ್ಟಲೆ ಧರಣಿ ಕೂತರು. ಕೂತವರಲ್ಲಿ ಕೆಲವರು ಅಲ್ಲೇ ಮುದುಕರಾದರು. ಈಗ ಉಳಿದದ್ದು ಕೆಂಪು ಇಟ್ಟಿಗೆಯ ಗೋಡೆ, ಹೊಗೆ ಬಿಡದ ಚಿಮಣಿ, ಮತ್ತು ಕೆಳದಂಡೆಯ ಚರ್ಮದ ಕಾರ್ಖಾನೆಗಳು. "ಜನ ಹೇಳ್ತಾರೆ, ಕಾನ್ಪುರ ಗಂಗೆಗೆ ಮುಖ ಮಾಡಿದೆ ಅಂತ. ಸುಳ್ಳು. ನಾವು ಗಂಗೆಗೆ ಬೆನ್ನು ಹಾಕಿ ಕೆಲಸಕ್ಕೆ ಕೂತವರು. ಹೊಲಸು ಚೆಲ್ಲೋದಕ್ಕೆ ಮಾತ್ರ ಆ ಕಡೆ ತಿರುಗ್ತಿದ್ವಿ" ಅಂದಿದ್ದರು ಒಂದು ದಿನ.

ಜುಲೈ ಮುಗಿಯುವ ಹೊತ್ತಿಗೆ ಗಂಗೆ ಬಂದಳು. ಮೊದಲು ಕರಬೂಜದ ಬಳ್ಳಿ ಹೋಯಿತು, ಆಮೇಲೆ ಮರಳು. ಒಂದು ಬೆಳಿಗ್ಗೆ ನೋಡಿದರೆ ನೀರು ಮೆಟ್ಟಿಲಿಗೆ ಬಂದಿತ್ತು. ಸದ್ದಿಲ್ಲ. ಅದೇ ನನಗೆ ಹೆದರಿಕೆ. ನಮ್ಮ ಹಳ್ಳ ಬಂದರೆ ಅರ್ಧ ಮೈಲಿಯಿಂದ ಕೇಳಿಸುತ್ತದೆ. ಇದು ಸುಮ್ಮನೆ, ಕಂದು ಬಣ್ಣದಲ್ಲಿ, ಮರದ ದಿಮ್ಮಿ, ಗುಡಿಸಲಿನ ಹುಲ್ಲು, ಸತ್ತ ಎಮ್ಮೆ ಎಲ್ಲವನ್ನೂ ಹೊತ್ತುಕೊಂಡು ಸರಿಯುತ್ತಿತ್ತು. ಚಾಚಿ ದಿನಾ ಬೆಳಿಗ್ಗೆ ಒಂದು ಸಲ, ಸಾಯಂಕಾಲ ನಾಲ್ಕಕ್ಕೆ ಒಂದು ಸಲ ಘಾಟಿಗೆ ಹೋಗಿ, ನೀರಿನ ಮೇಲೆ ಎಷ್ಟು ಮೆಟ್ಟಿಲು ಉಳಿದಿದೆ ಅಂತ ಎಣಿಸಿ ಬಂದು, ಕೆಳಗಿನಿಂದಲೇ ಗಂಡನಿಗೆ ಕೂಗಿ ಹೇಳುತ್ತಿದ್ದಳು. "ಹನ್ನೊಂದು!" ಮರುದಿನ "ಒಂಬತ್ತು!" ನಾನು ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಚರಂಡಿಯ ನೀರು ನದಿಗೆ ಹೋಗಲಾರದೆ ಗಲ್ಲಿಗೆ ವಾಪಸು ಬರುತ್ತಿತ್ತು. ಅದರ ಜೊತೆ ಚರ್ಮ ಹದಮಾಡುವ ರಾಸಾಯನಿಕದ ವಾಸನೆ. ನಮ್ಮ ಗೋದಾಮಿನ ಸಾಲಿನಲ್ಲೇ ಒಂದು ಮಳಿಗೆಯಲ್ಲಿ ಯಾರದೋ ನೀಲಿ ಡ್ರಮ್ಮುಗಳಿದ್ದವು. ಬೀಗ ಹಾಕಿತ್ತು. ಅದರಲ್ಲಿ ಏನಿದೆ ಅಂತ ಗಲ್ಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಮುಂದೆ ಹಾಯುವಾಗ ತಾಯಂದಿರು ಮಕ್ಕಳ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನೀರು ಒಳಗೆ ನುಗ್ಗಿ ಡ್ರಮ್ಮು ಸಿಡಿದರೆ ಗ್ಯಾಸ್ ಬರುತ್ತದೆ ಅನ್ನುವ ಮಾತು ಆಗಸ್ಟ್ ಪೂರ್ತಿ ಓಡಾಡುತ್ತಿತ್ತು. ಗಲ್ಲಿಗೆ ಇದ್ದದ್ದು ಎರಡೇ ಬಾಯಿ. ಒಂದು ಗೋದಾಮಿನ ಕಡೆ, ರಸ್ತೆಗೆ. ಇನ್ನೊಂದು ಘಾಟಿನ ಕಡೆ, ನೀರಿಗೆ.

ನಮ್ಮ ಗೋದಾಮು ಹಿಂದೆ ಮಿಲ್ಲಿನವರು ಹತ್ತಿ ಇಡುತ್ತಿದ್ದ ಉದ್ದನೆಯ ಕಟ್ಟಡದ ಒಂದು ಭಾಗ. ಚಾಚಾನ ಕಿಟಕಿಗೆ ನೇರ ಎದುರು. ಆ ಮಳೆಗೆ ಗೋಡೆ ಬೆವರಲು ಶುರುವಾಯಿತು. ಒಂದು ದಿನ ಗಂಡ ಒಂದು ಉಂಡೆ ಕೊಬ್ಬರಿ ತಂದು ನನ್ನ ಮುಂದೆ ಹಿಡಿದ. ಮೇಲೆ ಹಸಿರು ಬೂಸ್ಟು.

"ಹಬ್ಬದ್ ಮಾಲು ಕಣೇ. ಹಿಂಗಾದ್ರೆ ಸಾಹುಕಾರ್ರಿಗೆ ಏನಂತ ಮಕ ತೋರ್ಸ್ಲಿ?" ಅಂದ. ಅವನ ದನಿ ಹಾಗಿದ್ದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾಯಸಂದ್ರದ ಹತ್ತಿರ ನಮ್ಮ ಹಳ್ಳಿಯಲ್ಲಿದ್ದ ಅತ್ತೆಗೆ ಫೋನ್ ಮಾಡಿದೆ. ಅಟ್ಟದ ವಿಷಯದಲ್ಲಿ ನಮ್ಮತ್ತೆ ಪುಟ್ಟಮ್ಮನವರನ್ನು ಮೀರಿಸಿದವರು ನಮ್ಮ ಊರಲ್ಲಿಲ್ಲ.

"ಹೊಗೆ ಹಾಕಿದ್ಯೇನೇ?"

"ಇಲ್ಲ ಅತ್ತೆ, ಇಲ್ಲಿ ಅಟ್ಟ ಇಲ್ಲ. ಒಡ್ದಿರೋ ಕೊಬ್ರಿ, ಚೀಲ್ದಲ್ಲಿದೆ."

"ಅಟ್ಟ ಇಲ್ದಿದ್ರೆ ಏನಂತೆ, ಗೋಡೆ ಇಲ್ವ? ಸೀತ ಹೋಗ್ಬೇಕು, ಅಷ್ಟೇ ತಾನೆ. ಚೀಲ ಒಂದ್ಕಡೆ ಸರ್ಸು, ಇನ್ನೊಂದ್ಕಡೆ ಮಟ್ಟೆ ಹಾಕು. ಒಂದಿಷ್ಟು ಬೇವಿನ್ ಸೊಪ್ಪು ಹಾಕು. ಬಾಗ್ಲು ಮುಚ್ಚು. ಇಷ್ಟಕ್ಕೆ ಅಲ್ಲಿಂದ ಫೋನ್ ಮಾಡ್ಬೇಕಾ? ಕಲ್ತಿದ್ದೇನು ನೀನು, ಬುಡು!"

ನನಗೆ ರೋಷ ಬಂತು. ಮಾರನೆಯ ದಿನ ಗಂಡ ಪೇಟೆಗೆ ಹೋದ ಮೇಲೆ, ಆಸ್ಪತ್ರೆ ಗೇಟಿನ ಎಳನೀರಿನವನ ಹತ್ತಿರ ಬಿದ್ದಿದ್ದ ಬುರುಡೆಗಳನ್ನು ಎರಡು ಚೀಲ ತುಂಬಿಸಿ ರಿಕ್ಷಾದಲ್ಲಿ ತಂದೆ. ಅರ್ಧ ಒಣಗಿದ್ದವು, ಅರ್ಧ ಹಸಿ. ಬೇವಿನ ಸೊಪ್ಪಿಗೆ ಬರವಿರಲಿಲ್ಲ. ತಗಡಿನ ದೊಡ್ಡ ಬಾಣಲೆಯಲ್ಲಿ ಕೂಡಿಸಿ, ಕೆಂಡ ಮಾಡಿ, ಮೇಲೆ ಹಸಿಮಟ್ಟೆ ಮುಚ್ಚಿದೆ. ಒಳ್ಳೆಯ ಹೊಗೆ ಎದ್ದಿತು. ಬಾಗಿಲು ಎಳೆದುಕೊಂಡು, ಮನೆಗೆ ಬಂದು, ಕಡಲೆಕಾಳು ಕುಕ್ಕರಿಗೆ ಹಾಕಿದೆ. ಸಮಾಧಾನವಾಗಿತ್ತು. ಸಾಯಂಕಾಲ ಗಂಡನಿಗೆ ತೋರಿಸಬೇಕು ಅಂದುಕೊಂಡೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಏನೆಂದರೆ, ನಮ್ಮ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದ ತೆಳ್ಳಗೆ ಮೇಲಕ್ಕೆ ಹೋಗುತ್ತದೆ. ಆ ಹತ್ತಿ ಗೋದಾಮಿನಲ್ಲಿ ಒಂದು ಮಳಿಗೆಗೂ ಇನ್ನೊಂದಕ್ಕೂ ನಡುವಿನ ಗೋಡೆ ಮಾಡಿನವರೆಗೆ ಇರಲಿಲ್ಲ. ಮೇಲೆಲ್ಲ ಒಂದೇ. ಹೊಗೆ ಉದ್ದಕ್ಕೂ ಹರಿದು, ಸಾಲಿನ ಎಲ್ಲ ಗವಾಕ್ಷಿಗಳಿಂದ ಹೊರಗೆ ಬಂದಿದೆ. ಆ ನೀಲಿ ಡ್ರಮ್ಮಿನ ಮಳಿಗೆಯ ಗವಾಕ್ಷಿಯಿಂದಲೂ. ಮಳೆಯ ಭಾರಕ್ಕೆ ಮೇಲೆ ಹೋಗಲಾರದೆ, ಹಳದಿ ಬಿಳುಪಾಗಿ ಗಲ್ಲಿಗೆ ಇಳಿದಿದೆ.

ಮೊದಲು ಒಬ್ಬ ಹೆಂಗಸು ಕಿರುಚಿದಳು. ಆಮೇಲೆ ಎಲ್ಲ ಕಡೆಯಿಂದ, "ಗ್ಯಾಸ್! ಗ್ಯಾಸ್!" ಬಾಗಿಲು ಬಡಿದುಕೊಂಡವು. ಕಿಟಕಿಯಲ್ಲಿ ಇಣುಕಿದೆ. ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದರು. ಒಂದೇ ದಿಕ್ಕಿಗೆ. ರಸ್ತೆಯ ಕಡೆ ಹೊಗೆ ಇತ್ತಲ್ಲ, ಘಾಟಿನ ಕಡೆಗೆ. ನಾನೂ ಚಪ್ಪಲಿ ಹುಡುಕಿದೆ. ಓಡಬೇಕು ಅಂತ ಬಾಗಿಲು ತೆಗೆದೆ. ಆಗ ವಾಸನೆ ಬಂತು.

ನಮ್ಮ ಅಟ್ಟದ ವಾಸನೆ.

ಗಂಡನಿಗೆ ಫೋನ್ ಮಾಡಿದೆ. "ರೀ, ನಾನು ಹೊಗೆ ಹಾಕಿದ್ದೆ ಕಣ್ರೀ. ಜನ ಗ್ಯಾಸ್ ಅಂತ ಓಡ್ತಾವ್ರೆ."

ಅವನು ದನಿ ತಗ್ಗಿಸಿದ. "ಲೇ, ಬಾಯ್ ಮುಚ್ಕಂಡು ಒಳ್ಗಿರು. ಯಾರ್ಗೂ ಹೇಳ್ಬ್ಯಾಡ. ಇದು ನಮ್ಮೂರಲ್ಲ ಕಣೇ, ಹೊಡ್ದಾಕ್ಬುಡ್ತಾರೆ. ನಾನ್ ಬತ್ತೀನಿ."

ಬಾಗಿಲಿಗೆ ಚಿಲಕ ಹಾಕಿದೆ. ಅಡುಗೆಮನೆಯ ನೆಲದ ಮೇಲೆ ಕೂತೆ. ಹೊರಗೆ ಓಡುವ ಕಾಲುಗಳ ಸದ್ದು. ಕುಕ್ಕರ್ ಒಂದು ಸೀಟಿ ಹೊಡೆಯಿತು. ಆ ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ಗಂಟೆ ನಾಲ್ಕಾಗಿದೆ. ಚಾಚಿ ಮೆಟ್ಟಿಲು ಎಣಿಸಲು ಕೆಳಗೆ ಹೋಗಿದ್ದಾಳೆ. ಬೆಳಿಗ್ಗೆ ಅವಳು ಕೂಗಿದ ಲೆಕ್ಕ "ನಾಲ್ಕು." ಆ ನಾಲ್ಕು ಮೆಟ್ಟಿಲಿನ ಮೇಲೆ ಇಡೀ ಗಲ್ಲಿ ಹೋಗಿ ನಿಲ್ಲುತ್ತಿದೆ. ಹಿಂದಿನವರು ಮುಂದಿನವರನ್ನು ನೂಕುತ್ತಾರೆ. ಎಲ್ಲರಿಗಿಂತ ಕೆಳಗೆ, ನೀರಿನ ಪಕ್ಕದಲ್ಲಿ ಇರುವವಳು ಚಾಚಿ. ಎರಡನೇ ಸೀಟಿ. ಹೋಗಿ ಹೇಳಿದರೆ ಮುಗಿಯಿತು, ಒಂದೇ ಮಾತು. ಆದರೆ ಆ ಜನದ ಮುಖಗಳು ಕಣ್ಣ ಮುಂದೆ ಬಂದವು. ಹೆದರಿದ ಜನಕ್ಕೆ ಯಾರು ಸಿಕ್ಕರೂ ಸಾಕಾಗಿರುತ್ತದೆ. ಭಾಷೆ ಬಾರದ, ಎಲ್ಲಿಂದಲೋ ಬಂದ ಹೆಂಗಸು ಸಿಕ್ಕರೆ? ಮೂರನೇ ಸೀಟಿ. ಮೇಲೆ ಚಾಚಾ ಕೆಮ್ಮುವುದು ಕೇಳಿಸಿತು. ಅವರ ಕಿಟಕಿ ಗೋದಾಮಿಗೆ ಎದುರು ಅಂತ ಹೇಳಿದೆನಲ್ಲ. ಆ ಕಿಟಕಿಯ ಬಾಗಿಲು ಮಳೆಗೆ ಊದಿ ಮುಚ್ಚುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಕೂತೇ ಇದ್ದೆ. ನಾಲ್ಕನೇ ಸೀಟಿ ಆಯಿತು. ಕೆಮ್ಮು ನಿಂತಿತು.

ಕೆಮ್ಮು ನಿಂತದ್ದಕ್ಕೆ ಎದ್ದೆ. ಒಲೆ ಆರಿಸಿ, ಬಿಂದಿಗೆಯ ನೀರಿಗೆ ಬೆಡ್‌ಶೀಟ್ ಅದ್ದಿಕೊಂಡು ಮೇಲೆ ಓಡಿದೆ. ಕೋಣೆಯಲ್ಲಿ ಎದುರಿನ ಗೋಡೆ ಕಾಣುತ್ತಿರಲಿಲ್ಲ. ಚಾಚಾ ಮಂಚದಿಂದ ಜಾರಿ, ನೆಲಕ್ಕೆ ಬೆನ್ನು ಕೊಟ್ಟು ಬಿದ್ದಿದ್ದರು. ಕಣ್ಣು ತೆರೆದಿತ್ತು. ಕಿಟಕಿಗೆ ಶೀಟು ತುರುಕಿದೆ. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗನ್ನು ಒದ್ದೆ ಮಾಡಿ ಬಾಯಿಗೆ ಹಿಡಿದೆ. ಅಳುತ್ತಾ ಹೇಳಿದೆ, "ಚಾಚಾ, ಗ್ಯಾಸ್ ಅಲ್ಲ. ಇದು ನನ್ನ ಹೊಗೆ. ಕೊಬ್ಬರಿಗೆ ಹಾಕಿದ್ದು."

ಅವರು ತುಂಬಾ ಹೊತ್ತು ಉಸಿರು ಎಳೆದುಕೊಂಡರು. ಆಮೇಲೆ ಒಂದೊಂದೇ ಮಾತು.

"ನೀನು ಕೆಳಗೆ ಇದ್ದೀಯ ಅಂತ ಗೊತ್ತಿತ್ತು. ಕುಕ್ಕರ್ ಕೂಗೋದು ಕೇಳಿಸ್ತಿತ್ತು. ಬರ್ತಾಳೆ, ಬರ್ತಾಳೆ ಅಂದ್ಕೊಂಡೆ."

ಸೈರನ್ನಿನ ದನಿ ಕೇಳಿ ಮಿಲ್ಲಿನ ಹೆಸರು ಹೇಳುತ್ತಿದ್ದ ಮನುಷ್ಯ. ಎಷ್ಟು ಸೀಟಿ ಅಂತ ಎಣಿಸದೇ ಇದ್ದಾರೆಯೇ?

"ಅವಳು ಘಾಟಿನಲ್ಲಿದ್ದಾಳೆ. ಓಡು" ಅಂದರು.

ಓಡಿದೆ. ಗಲ್ಲಿಯ ಕೊನೆಯಲ್ಲಿ ಬೆನ್ನುಗಳ ಗೋಡೆ. ಎಲ್ಲರೂ ಹಿಂದೆ ತಿರುಗಿ ಹೊಗೆ ನೋಡುತ್ತಾ ಮುಂದಕ್ಕೆ ಒತ್ತುತ್ತಿದ್ದರು. ನಾನು ಕೂಗಿದೆ. ಏನು ಕೂಗಿದೆ ಗೊತ್ತೇ? ಕನ್ನಡದಲ್ಲಿ! ಕಲಿತಿದ್ದ ಹಿಂದಿಯೆಲ್ಲ ಎಲ್ಲಿ ಹೋಯಿತೋ. "ತಳ್ಬ್ಯಾಡ್ರೋ! ಹೊಗೆ ನಂದು ಕಣ್ರೋ! ನಂದು!" ಎದೆ ಬಡಿದುಕೊಂಡು, ಗೋದಾಮಿನ ಕಡೆ ಕೈ ತೋರಿಸಿ, ಆಮೇಲೆ ಹೇಗೋ ನೆನಪಾಗಿ, "ಗೋಲಾ! ಗೋಲಾ! ಗ್ಯಾಸ್ ನಹೀ!" ಗೋಲಾ ಅಂದರೆ ಅವರ ಬಾಯಲ್ಲಿ ನಮ್ಮ ಉಂಡೆ ಕೊಬ್ಬರಿ. ಹತ್ತಿರದಲ್ಲಿದ್ದ ಪಾನ್ ಅಂಗಡಿಯವನಿಗೆ ನನ್ನ ಗುರುತಿತ್ತು. ಅವನಿಗೆ ಅರ್ಥವಾಯಿತು. ಅವನು ದೊಡ್ಡ ಗಂಟಲಲ್ಲಿ ಎಲ್ಲರಿಗೂ ಕೂಗಿ ಹೇಳಿದ. ಬೆನ್ನುಗಳು ಸಡಿಲವಾದವು. ಸಂದಿಯಲ್ಲಿ ಕೆಳಗೆ ನೋಡಿದೆ. ಚಾಚಿ ಮೊಣಕಾಲವರೆಗಿನ ನೀರಿನಲ್ಲಿ, ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಸೀರೆಯ ತುದಿಯನ್ನು ನೀರು ಎಳೆಯುತ್ತಿತ್ತು.

ಇಬ್ಬರು ಅವಳನ್ನು ಮೇಲೆ ಎಳೆದುಕೊಂಡರು. ಅವಳು ಜನರ ನಡುವೆ ನಡೆದು ಬಂದು ನನ್ನ ಕೆನ್ನೆಗೆ ಒಂದು ಬಾರಿಸಿದಳು. ಇನ್ನೂ ಬೀಳುತ್ತವೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಮನೆಯವರೆಗೂ ಬಿಡಲಿಲ್ಲ.

ಪಾನ್ ಅಂಗಡಿಯವನೂ ಇನ್ನು ನಾಲ್ಕು ಜನರೂ ಬಾಣಲೆಗೆ ನೀರು ಸುರಿದರು. ಚಾಚಾನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ ಆಸ್ಪತ್ರೆಗೆ ಒಯ್ದೆವು. ಮೂಗಿಗೆ ಆಕ್ಸಿಜನ್ ಹಾಕಿದರು. ನನ್ನ ಗಂಡ ಬಂದವನು ನನ್ನನ್ನು ಬೈಯಲಿಲ್ಲ, ಗೋಡೆಗೆ ಒರಗಿ ನಿಂತುಬಿಟ್ಟ. ಆ ದಿನದಿಂದ ಗಲ್ಲಿಯಲ್ಲಿ ನನ್ನ ಬಗ್ಗೆ ಒಂದು ಕಥೆ ಹುಟ್ಟಿಕೊಂಡಿತು. ಬೈದವರೂ ಇದ್ದರು, ಮೂರು ದಿನ ಬೈದರು. ಆದರೆ ಚಾಚಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, "ತಪ್ಪು ಮಾಡಿದಳು, ನಿಜ. ಆದರೆ ಗೊತ್ತಾದ ತಕ್ಷಣ ಓಡಿ ಬಂದು ಒಪ್ಪಿಕೊಂಡಳಲ್ಲ. ಇನ್ನೊಬ್ಬಳಾಗಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು."

ಆಸ್ಪತ್ರೆಯ ಆ ಒಂಬತ್ತು ದಿನ ನಾನು ಹೇಗೆ ಕಳೆದೆ ಅಂತ ಈಗ ಹೇಳುತ್ತೇನೆ. ಚಾಚಾ ಬದುಕಿ ಬರಲಿ ಅಂತ ಸಿದ್ದೇಶ್ವರನಿಗೆ ಹರಕೆ ಹೊತ್ತೆ. ಬಂದು ಬಾಯಿ ಬಿಟ್ಟರೆ ಅಂತಲೂ ಹೆದರಿದೆ. ಎರಡೂ ಒಂದೇ ಹೊತ್ತಿನಲ್ಲಿ. ಅವರಿಗೆ ಗಂಜಿ ಕುಡಿಸುವಾಗ ಕಣ್ಣು ನೋಡಲು ಆಗುತ್ತಿರಲಿಲ್ಲ. ಒಬ್ಬ ಮನುಷ್ಯ ಗುಣವಾಗುವುದನ್ನು ಕಂಡು ಎದೆ ಡವಡವ ಅಂದರೆ, ಅದು ಸಂತೋಷವೋ ಇನ್ನೊಂದೋ ಅಂತ ಒಳಗಿನವಳಿಗೆ ಗೊತ್ತಾಗುತ್ತದೆ.

ಹತ್ತನೆಯ ದಿನ ಮನೆಗೆ ಬಂದರು. ಚಾಚಿ ಮತ್ತೆ ಅದೇ ಕಥೆ ತೆಗೆದಳು, ತಕ್ಷಣ ಓಡಿ ಬಂದಳು ಅಂತ. ನಾನು ನೆಲ ನೋಡುತ್ತಾ ನಿಂತಿದ್ದೆ. ಚಾಚಾ ಎರಡು ಸಲ ಉಸಿರು ಎಳೆದುಕೊಂಡರು. "ಹೂಂ. ತಕ್ಷಣ ಬಂದಳು" ಅಂದರು.

ಅಷ್ಟೇ. ದೀಪಾವಳಿ ಕಳೆದ ಮೇಲೆ ನಾವು ತಿಪಟೂರಿಗೆ ವಾಪಸು ಬಂದೆವು. ಹೊರಡುವ ದಿನವೂ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟರು. "ನಿನ್ನ ಹೊಗೆಗಲ್ಲ ಬೇಟಿ, ಮಿಲ್ಲಿನ ಹತ್ತಿಗೆ" ಅಂದಳು ಚಾಚಿ ಫೋನಿನಲ್ಲಿ, ನಾನು ಕೇಳುವ ಮೊದಲೇ. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತೇನೆ. ಹೇಳಬೇಕು ಅಂತಲೇ ನಂಬರ್ ಒತ್ತುತ್ತೇನೆ. ಅವಳ ದನಿ ಕೇಳಿದ ಮೇಲೆ ಮಳೆ, ಬೆಳೆ, ಮಗಳ ಮದುವೆ ಅಂತ ಮಾತಾಡಿ ಇಡುತ್ತೇನೆ. ಅವಳಿಗೆ ಕನ್ನಡ ಬರುವುದಿಲ್ಲ, ಇದನ್ನು ಓದಲಾರಳು. ಆ ಧೈರ್ಯದ ಮೇಲೆಯೇ ಇಲ್ಲಿ ಬರೆದಿದ್ದೇನೆ, ನನ್ನನ್ನು ಹೊಗಳಬೇಡಿ.

ಹೊಗಳುವ ಬದಲು ಒಂದು ಕೆಲಸ ಮಾಡಿ. ಹೆದರಿ ಬಾಗಿಲು ಹಾಕಿಕೊಂಡು ಕೂತ ಹೊತ್ತು ನಿಮ್ಮ ಬದುಕಿನಲ್ಲೂ ಇದ್ದರೆ, ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಕೊನೆಗೆ ಎದ್ದು ಹೋದಿರಿ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಎಷ್ಟು ಹೊತ್ತು ಕೂತಿದ್ದಿರಿ, ಅದನ್ನು ಬರೆಯಿರಿ.